ವರ್ಣತಂತು, ಅವ್ವ ಕೇಳಿಸಿಕೊಂಡಂತೆ

ಚಪ್ಪಲಿ ಕಾಲಿನಿಂದ ಕಳಚಿಬಿದ್ದದ್ದು ನನಗೆ ಗೊತ್ತಾಗಲಿಲ್ಲ. ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ತೆಂಗಿನಕಾಯಿ ಮಂಡಿಗಳ ಬೀದಿ ದಾಟಿ, ಮನೆಯ ಹೊಸ್ತಿಲಿಗೆ ಬಂದಾಗ ಅವ್ವ ನನ್ನ ಕಾಲು ನೋಡಿ, "ಇನ್ನೊಂದು ಎಲ್ಲೋ?" ಅಂದಳು. ಎಡಗಾಲಿನಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿಗಾಲು. ಜಲ್ಲಿ ಹಾಕಿದ್ದ ರಸ್ತೆಯಲ್ಲಿ ಅಷ್ಟು ದೂರ ಹಾಗೇ ನಡೆದು ಬಂದಿದ್ದೆ. ಪಾದ ತಿರುಗಿಸಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ಸೋಡಾ ಬಾಟಲಿಯ ಚೂರೊಂದು ಚುಚ್ಚಿಕೊಂಡು ರಕ್ತ ಒಣಗಿತ್ತು. ನೋವು ಮಾತ್ರ ಇರಲಿಲ್ಲ.

"ಬಸ್ಸಲ್ಲಿ ಯಾರನ್ನ ನೆನಸ್ಕೊಂಡು ಕುಂತಿದ್ಯೋ, ಚಪ್ಪಲಿ ಬಿದ್ದಿದ್ದೂ ಗೊತ್ತಾಗ್ದಂಗೆ?" ಎಂದು ಅವ್ವ ನಕ್ಕಳು. ನಾನೂ ನಕ್ಕೆ. ಅಜ್ಜಂಪುರದ ಶಶಿಕಲಾ ಜೊತೆ ನನ್ನ ಮದುವೆ ನಿಶ್ಚಯವಾಗಿ, ಎರಡೂ ಮನೆಯವರು ವೀಳ್ಯ ಬದಲಾಯಿಸಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಆ ದಿನಗಳಲ್ಲಿ ನಾನು ಏನು ಮರೆತರೂ ಏನು ಬೀಳಿಸಿದರೂ ನಮ್ಮ ಮನೆಯಲ್ಲಿ ಹೇಳುತ್ತಿದ್ದ ಕಾರಣ ಒಂದೇ.

ಹೈಸ್ಕೂಲಿನಿಂದಲೂ ನನಗೆ ಡೈರಿ ಬರೆಯುವ ಅಭ್ಯಾಸ. ೧೯೮೩ರ ಕಾರ್ತಿಕ ಮಾಸದ ಆ ದಿನದ ಪುಟದಲ್ಲಿ "ಬಲಗಾಲಿನ ಚಪ್ಪಲಿ ಹೋಯಿತು" ಎಂದಿದೆ, ಅಷ್ಟೇ. ಅದರ ಕೆಳಗಿನ ಸಾಲು ಬಸ್ಸು ತಡವಾದದ್ದರ ಬಗ್ಗೆ. ಕಾಯಿಲೆ ಬಂದಾಗ ಡೋಲು ಬಾರಿಸಿಕೊಂಡು ಬರುವುದಿಲ್ಲವೆಂದು ಈಗ ಆ ಪುಟ ತೆರೆದಾಗಲೆಲ್ಲ ಅನ್ನಿಸುತ್ತದೆ. ಇದನ್ನು ಬರೆಯಬೇಕೆಂದು ಕೂತದ್ದೂ ಅದಕ್ಕೇ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ನನಗೆ ಬೇಕಾಗಿದ್ದದ್ದು ಒಬ್ಬ ಮನುಷ್ಯ, "ನನಗೂ ಹಿಂಗೇ ಆಗಿತ್ತು ಕಣ್ರೀ" ಎನ್ನುವವನು. ಅಂಥವನು ಸಿಗಲಿಲ್ಲ. ಯಾರಿಗಾದರೂ ನಾನು ಸಿಗಲಿ.

ನಾನು ಕೆಲಸ ಮಾಡುತ್ತಿದ್ದದ್ದು ತರೀಕೆರೆಯ ಹೊರಗಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ. ಆಸ್ಪತ್ರೆಗಳಲ್ಲಿ ಗ್ಲೂಕೋಸ್ ಏರಿಸುವ ಪ್ಲಾಸ್ಟಿಕ್ ನಳಿಗೆಗಳನ್ನು ಅಲ್ಲಿ ಜೋಡಿಸಿ, ಚೀಲಕ್ಕೆ ಹಾಕಿ, ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬುತ್ತಿದ್ದರು. ಪ್ಲಾಸ್ಟಿಕ್ ಆದ್ದರಿಂದ ಕುದಿಸಿ ಶುದ್ಧ ಮಾಡುವ ಹಾಗಿಲ್ಲ, ಕರಗಿಹೋಗುತ್ತದೆ. ಅದಕ್ಕೆ ಕಬ್ಬಿಣದ ದೊಡ್ಡ ಬೀರುವಿನಂಥ ಚೇಂಬರ್ ಒಂದಿತ್ತು. ಪೆಟ್ಟಿಗೆಗಳನ್ನು ಒಳಗಿಟ್ಟು, ಬಾಗಿಲು ಬಿಗಿದು, ಸ್ವಲ್ಪ ಕಾವು ಕೊಟ್ಟು, ಸಿಲಿಂಡರಿನಿಂದ ಎಥಿಲೀನ್ ಆಕ್ಸೈಡ್ ಎಂಬ ಗ್ಯಾಸ್ ಬಿಡುತ್ತಿದ್ದೆವು. ಕ್ರಿಮಿಗಳೆಲ್ಲ ಅದರಿಂದ ಸಾಯುತ್ತವೆ. ಕ್ರಿಮಿಯನ್ನು ಕೊಲ್ಲುವ ಗಾಳಿ ಮನುಷ್ಯನನ್ನು ಮಾತಾಡಿಸದೆ ಬಿಡುತ್ತದೆಯೆ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಚೇಂಬರಿನಲ್ಲಿ ನಾವಿಬ್ಬರು, ನಾನು ಮತ್ತು ತರೀಕೆರೆಯ ರಹಮತ್. ಅವನು ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು, ಎರಡು ಮಕ್ಕಳ ತಂದೆ. ಗ್ಯಾಸಿಗೆ ನಾವಿಟ್ಟಿದ್ದ ಹೆಸರು "ಸಿಹಿ". ಅದರ ವಾಸನೆ ಹಾಗಿತ್ತು, ಹೆಚ್ಚು ಹಣ್ಣಾದ ಹಣ್ಣಿನ ಹಾಗೆ ಸ್ವಲ್ಪ ಸಿಹಿ, ಸ್ವಲ್ಪ ಅಮಲು. ಬಾಗಿಲು ತೆಗೆದ ಮೇಲೆ ಒಬ್ಬ ಮುಂದೆ ಹೋಗಿ ಮೂಸುವುದು, ಇನ್ನೊಬ್ಬ ಹಿಂದೆ ನಿಂತು "ಸಿಹಿ ಹೋಯ್ತಾ?" ಎನ್ನುವುದು. "ಹೋಯ್ತು" ಅಂದರೆ ಪೆಟ್ಟಿಗೆ ಎಳೆಯುವುದು. ನಮ್ಮ ಅಳತೆಯ ಯಂತ್ರ ಅದೊಂದೇ, ಹೆಚ್ಚಿನ ದಿನ ನನ್ನ ಮೂಗು.

ಒಳಗಿಂದ ಬಂದ ಪೆಟ್ಟಿಗೆಗಳು ಬೆಚ್ಚಗಿರುತ್ತಿದ್ದವು. ಚಳಿಗಾಲದ ಬೆಳಗ್ಗೆ ಕಾರ್ಖಾನೆಯಲ್ಲಿ ಅದಕ್ಕಿಂತ ಹಿತವಾದ ಜಾಗ ಇರಲಿಲ್ಲ. ಬೆನ್ನು ಒರಗಿಸಿ, ಎರಡು ಪೆಟ್ಟಿಗೆಗಳ ನಡುವೆ ಕಾಲು ತೂರಿಸಿ ಕೂತರೆ ಒಲೆಯ ಮುಂದೆ ಕೂತ ಹಾಗೆ. ಬುತ್ತಿಯನ್ನೂ ಅಲ್ಲೇ ಇಡುತ್ತಿದ್ದೆವು. ಬೆಳಗ್ಗೆ ಆರು ಗಂಟೆಗೆ ಅವ್ವ ಕಟ್ಟಿಕೊಟ್ಟ ಅಕ್ಕಿರೊಟ್ಟಿ ಮಧ್ಯಾಹ್ನ ಈಗ ತಾನೇ ಹೆಂಚಿನಿಂದ ತೆಗೆದಂತೆ ಇರುತ್ತಿತ್ತು. ಚೀಲ ಕಟ್ಟುವ ಹೆಂಗಸರೂ ತಮ್ಮ ಡಬ್ಬಿಗಳನ್ನು ತಂದು, "ಮಲ್ಲೇಶಣ್ಣ, ನಂದೂ ಒಸಿ ಕಾವಿಗಿಡಪ್ಪ" ಎನ್ನುತ್ತಿದ್ದರು. ಪ್ಲಾಸ್ಟಿಕ್ಕು ಗ್ಯಾಸನ್ನು ಕುಡಿದಿಟ್ಟುಕೊಂಡು ದಿನಗಟ್ಟಲೆ ಮೆಲ್ಲಗೆ ಬಿಡುತ್ತಿರುತ್ತದೆ, ನಾವು ಒರಗಿ ಕೂತಿದ್ದದ್ದು ಅದಕ್ಕೇ ಎಂಬುದು ತಿಳಿದದ್ದು ಬಹಳ ತಡವಾಗಿ.

ಚಪ್ಪಲಿ ಹೋದ ಮೇಲೆ ಒಂದೊಂದೇ ಗಮನಕ್ಕೆ ಬಂತು. ಮೆಟ್ಟಿಲು ಇಳಿಯುವಾಗ ಕೆಳಗೆ ನೋಡಲೇಬೇಕು. ಸ್ನಾನದ ನೀರು ಕೈಗೆ ಸುಡುತ್ತದೆ, ಕಾಲಿಗೆ ಸುಡುವುದಿಲ್ಲ. ಸಂಜೆಯಾದರೆ ಕಣ್ಣು ಉರಿ, ವಾಕರಿಕೆ. ಅವ್ವ ಒಗ್ಗರಣೆ ಹಾಕಿದರೆ ವಾಸನೆಯೇ ಬರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ನಾನು "ಸಿಹಿ ಹೋಯ್ತು" ಅಂದರೆ ರಹಮತ್ ಹಿಂದಿನಿಂದ ಕೆಮ್ಮಿ, "ಲೇ, ಎಲ್ಲೋ ಹೋಗೈತೆ? ಇಲ್ಲೇ ನಿಂತೈತೆ ಕಣೋ" ಎನ್ನತೊಡಗಿದ.

ಕಡೂರಿನ ನಮ್ಮ ಹಳೆಯ ಡಾಕ್ಟರು ಮೊದಲು ವಾತ ಅಂದರು, ಆಮೇಲೆ ವಿಟಮಿನ್ ಕಡಿಮೆ ಅಂದರು. ಸೂಜಿ ಹಾಕಿಸಿಕೊಂಡೆ, ಗುಣ ಕಾಣಲಿಲ್ಲ. ಮೂರನೆಯ ಸಲ ಹೋದಾಗ ನನ್ನನ್ನು ಕೂರಿಸಿ, "ಬೆಳಗಿಂದ ಸಂಜೆ ತನಕ ಏನೇನು ಮಾಡ್ತೀಯಾ, ಪೂರ್ತಿ ಹೇಳು" ಅಂದರು. ಹೇಳಿದೆ. ಬುತ್ತಿಯ ವಿಷಯ ಬಂದಾಗ ಬರೆಯುವುದನ್ನು ನಿಲ್ಲಿಸಿ, "ಅದರ ಮಧ್ಯೆ ಇಟ್ಟು ತಿಂತಿದ್ರಾ?" ಎಂದು ಕೇಳಿದರು. "ಹೂಂ ಸಾರ್, ಬಿಸಿಯಾಗಿರುತ್ತೆ" ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾಳೆಯಿಂದ ಕೆಲಸಕ್ಕೆ ಹೋಗಬೇಡ ಎಂದು ಹೇಳಿ, ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಬೆಂಗಳೂರಿಗೆ ಅವ್ವ ಬಂದಳು. ಅಪ್ಪ ಮಂಡಿಯಲ್ಲಿ ಕಾಯಿ ಎಣಿಸಿ ವಿಂಗಡಿಸುವ ಕೆಲಸದಲ್ಲಿದ್ದ, ಹಂಗಾಮಿನಲ್ಲಿ ಬಿಡುವು ಸಿಗದು. ಆಸ್ಪತ್ರೆಯಲ್ಲಿ ಕಾಲಿಗೆ ಸೂಜಿ ಚುಚ್ಚಿದರು, ಹತ್ತಿ ಸವರಿದರು, ಗುಂಯ್ ಎನ್ನುವ ಕವೆಯಂಥದ್ದನ್ನು ಮೂಳೆಗೆ ಒತ್ತಿದರು. ನರಗಳು ಸೊರಗಿವೆ, ಗ್ಯಾಸಿನಿಂದ ದೂರವಿದ್ದರೆ ಚೇತರಿಸಿಕೊಳ್ಳಬಹುದು ಅಂದರು. ಅಷ್ಟಕ್ಕೆ ಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಈ ಗ್ಯಾಸು ರಕ್ತದ ಜೀವಕೋಶಗಳ ಒಳಗೂ ಕೈ ಹಾಕುತ್ತದೆ, ಅದನ್ನೂ ನೋಡಿಬಿಡೋಣ ಎಂದು ಇನ್ನೊಂದು ವಿಭಾಗಕ್ಕೆ ಕಳಿಸಿದರು.

ಆ ವಿಭಾಗದ ಹೊರಗಿನ ಬೆಂಚನ್ನು ನಾನು ಮರೆಯಲಾರೆ. ಅಲ್ಲಿ ಕೂತವರೆಲ್ಲ ಗಂಡಹೆಂಡತಿ ಜೋಡಿಗಳು. ಕೆಲವರ ಮಡಿಲಲ್ಲಿ ಕತ್ತು ನಿಲ್ಲದ ಮಗು, ಕೆಲವರ ಮಡಿಲು ಖಾಲಿ. ನಾನೊಬ್ಬನೇ ಅಮ್ಮನ ಜೊತೆ ಬಂದವನು. ಪಕ್ಕದ ಹೆಂಗಸು ಅವ್ವನನ್ನು, "ನಿಮ್ಮ ಸೊಸೆ ಬರಲಿಲ್ವೆ?" ಎಂದು ಕೇಳಿದಳು. ಅವ್ವ ಸೆರಗು ಸರಿಮಾಡಿಕೊಂಡು, "ಇನ್ನೂ ಬರ್ಬೇಕು" ಅಂದಳು. ಅಷ್ಟು ಹೊತ್ತಿಗೆ ಆ ಬೆಂಚು ಯಾತರದ್ದೆಂದು ಅವಳಿಗೆ ಅರ್ಥವಾಗಿರಬೇಕು.

ಫಲಿತಾಂಶಕ್ಕೆ ಕೆಲವು ವಾರ ಬಿಟ್ಟು ಮತ್ತೆ ಹೋದೆವು. ಡಾಕ್ಟರು ಒಬ್ಬ ಹೆಂಗಸು, ಚಿಕ್ಕ ವಯಸ್ಸು, ಸಮಾಧಾನದ ಮಾತು. ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಅವ್ವನ ಮುಖ ನೋಡಿ, ಅವಳಿಗೂ ತಿಳಿಯಲಿ ಎಂದು, ಸ್ವಲ್ಪ ತಡಕಾಡಿ ಕನ್ನಡ ಪದ ಹುಡುಕಿ ಹೇಳಿದರು: "ನಿಮ್ಮ ಮಗನ ರಕ್ತದಲ್ಲಿ ವರ್ಣತಂತುಗಳು ಅಲ್ಲಲ್ಲಿ ತುಂಡಾಗಿವೆ ಅಮ್ಮ. ಎಲ್ಲರಲ್ಲೂ ಒಂದೆರಡು ಇರುತ್ತೆ. ಇವರಲ್ಲಿ ಜಾಸ್ತಿ ಇದೆ." ಆ ಒಳ್ಳೆಯ ಮನಸ್ಸಿನಿಂದಲೇ ಎಲ್ಲ ಗಂಟು ಬಿದ್ದದ್ದು.

ಆಗ ನನಗೆ ಏನೂ ಗೊತ್ತಾಗಲಿಲ್ಲ. ಹೊರಗೆ ಬಂದೆವು. ರೈಲು ಹತ್ತಿದೆವು. ಅರಸೀಕೆರೆಯಲ್ಲಿ ಯಾವಾಗಲೂ ಕಾಫಿ ಕೇಳುವ ಅವ್ವ ಆ ದಿನ ಲೋಟ ಮುಂದೆ ಹಿಡಿದರೂ ಬೇಡ ಅಂದಳು. ಬಾಣಾವರ ದಾಟಿದ ಮೇಲೆ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು:

"ಅದು ಮತ್ತೆ ಕೂಡ್ಕೊಳ್ತದೇನೋ?"

ನಾನು ಕಾಲಿನ ನರದ ಮಾತು ಅಂದುಕೊಂಡೆ. "ವರ್ಷ ಹಿಡೀಬೌದಂತೆ ಅವ್ವ. ಪೂರ್ತಿ ಸರಿಯಾಗ್ದೇನೂ ಇರ್ಬೌದು ಅಂದ್ರು."

"ಆತು ಬಿಡು" ಅಂದಳು.

ಮುಂದಿನ ವಾರ ಅವ್ವ, ಬೀರೂರಿನಲ್ಲಿರೋ ನಮ್ಮಕ್ಕನ ಮನೆಗೆ ಹೋಗಿ ಬತ್ತೀನಿ ಎಂದು ಹೇಳಿ ಬೆಳಗ್ಗೆ ಹೊರಟಳು, ಸಂಜೆ ಬಂದಳು. ಬಂದವಳು ಮುಖ ತೊಳೆದು ಒಲೆ ಹೊತ್ತಿಸಿದಳು. ನನಗೆ ಬೇರೇನೂ ತಿಳಿಯಲಿಲ್ಲ. ಆಗ ನನಗೆ ನನ್ನ ಕಾಲಿನದೇ ಲೋಕ. ಬೆಳಗ್ಗೆ ಎದ್ದ ಕೂಡಲೇ ಅಪ್ಪ ನನ್ನನ್ನು ಕಣ್ಣು ಮುಚ್ಚಿಸಿ ಕೂರಿಸಿ, ಪೊರಕೆ ಕಡ್ಡಿಯಿಂದ ಒಂದೊಂದೇ ಬೆರಳು ಮುಟ್ಟುತ್ತಿದ್ದ. ಗೊತ್ತಾದರೆ ನಾನು "ಹೂಂ" ಅನ್ನಬೇಕು. ಎಷ್ಟು ಬೆರಳಿಗೆ ಗೊತ್ತಾಯಿತೋ ಅಷ್ಟು ಡೈರಿಯಲ್ಲಿ ಬರೆಯುತ್ತಿದ್ದೆ. ಆ ವಾರದ ಪುಟಗಳಲ್ಲೆಲ್ಲ ಸೊನ್ನೆ.

ಒಂದು ಭಾನುವಾರ ಬೆಳಗ್ಗೆ ಶಶಿಕಲಾ ಬಂದಳು, ಜೊತೆಗೆ ಅವಳ ಸೋದರಮಾವ. ವೀಳ್ಯದ ದಿನ ದೂರದಿಂದ ನೋಡಿದ್ದು ಬಿಟ್ಟರೆ ನಾನು ಅವಳ ಜೊತೆ ಮಾತಾಡಿಯೇ ಇರಲಿಲ್ಲ. ಮದುವೆಗೆ ಮುಂಚೆ ಹುಡುಗಿ ಗಂಡಿನ ಮನೆಗೆ ಬರುವುದು ನಮ್ಮಲ್ಲಿ ಇಲ್ಲ. ಅಪ್ಪ ಗಾಬರಿಯಾಗಿ ಚಾಪೆಯನ್ನು ತಲೆಕೆಳಗು ಹಾಸಿದ. ಮಾವ ಕೂತು, ಕೈಯಲ್ಲಿದ್ದ ಬಟ್ಟೆ ಚೀಲವನ್ನು ಮುಂದೆ ಇಟ್ಟ. ಅದರೊಳಗೆ ನಾವು ಕೊಟ್ಟಿದ್ದ ಹಸಿರು ರೇಷ್ಮೆ ಸೀರೆ ಕಾಣುತ್ತಿತ್ತು.

"ನೀವೇ ಬೇಡ ಅಂದ ಮೇಲೆ ಇದು ನಮ್ಮನೇಲಿ ಇರಬಾರ್ದಲ್ಲ" ಅಂದ ಮಾವ.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅವ್ವನ ಮುಖ ನೋಡಿದ. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ನಾನೇ ಹೋಗಿ ಹೇಳಿ ಬಂದೆ" ಅಂದಳು. "ಬೀರೂರಿಗಲ್ಲ ಹೋಗಿದ್ದು, ಅಜ್ಜಂಪುರಕ್ಕೆ. ಇವ್ನಿಗೆ ವಂಶತಂತು ಕಡಿದೈತಂತೆ, ಡಾಕ್ಟ್ರಮ್ಮನೇ ನನ್ನ ಮುಂದೆ ಅಂದ್ರು. ಗೊತ್ತಿದ್ದೂ ಗೊತ್ತಿದ್ದೂ ಒಂದು ಹೆಣ್ಣು ತರಾಕಾಗ್ತದಾ? ನಾಳೆ ಮಕ್ಕಳಾಗ್ದಿದ್ರೆ ಜನ ಯಾರನ್ನ ಬಂಜೆ ಅಂತಾರೆ? ಇವ್ನನ್ನಲ್ಲ. ಈ ಕೂಸನ್ನ ಅಂತಾರೆ."

ನನಗೆ ಬಂದದ್ದು ಕೋಪವೋ ಅಳುವೋ ಈಗಲೂ ಹೇಳಲಾರೆ. ನನ್ನ ಮದುವೆ ಮುರಿದು ವಾರವಾಗಿದೆ, ನಾನು ದಿನಾ ಬೆಳಗ್ಗೆ ಬೆರಳು ಎಣಿಸಿಕೊಂಡು ಕೂತಿದ್ದೇನೆ.

ಶಶಿಕಲಾ ನನ್ನ ಕಡೆ ತಿರುಗಿದಳು. "ಡಾಕ್ಟ್ರು ಏನಂದ್ರು? ಅವ್ರು ಅಂದ ಮಾತು ಅಂದಂಗೇ ಹೇಳ್ರಿ."

"ವರ್ಣತಂತುಗಳು ಅಲ್ಲಲ್ಲಿ ತುಂಡಾಗಿವೆ ಅಂದ್ರು."

"ಅದೇ ಕಣಮ್ಮ ನಾನಂದಿದ್ದು" ಎಂದಳು ಅವ್ವ.

"ಅದಲ್ಲ ಅತ್ತೆ. ನೀವಂದಿದ್ದು ವಂಶ. ಅವ್ರಂದಿದ್ದು ವರ್ಣ." ತರೀಕೆರೆಯಲ್ಲಿ ಪಿಯುಸಿ ಸೈನ್ಸ್ ಓದಿದ್ದಳು. ಮೇಷ್ಟರ ಹಾಗೆ ಬಿಡಿಸಿ ಹೇಳಿದಳು, "ವ-ರ್ಣ."

"ವರ್ಣ ಅಂದ್ರೆ ಜಾತಿ ಅಲ್ವೇನವ್ವ?" ಎಂದ ಮಾವ. "ಜಾತಿ ಯಂಗೆ ತುಂಡಾಯ್ತದೆ?"

"ಜಾತಿ ಅಲ್ಲ ಮಾವ, ಬಣ್ಣ. ಬಣ್ಣ ಹಾಕಿದ್ರೆ ಸೂಕ್ಷ್ಮದರ್ಶಕದಲ್ಲಿ ಕಾಣ್ತವೆ, ಅದಕ್ಕೇ ಆ ಹೆಸ್ರು. ತಂತು ಅಂದ್ರೆ ದಾರ."

ಅವ್ವ ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಬಣ್ಣದ ದಾರಾನಾ?"

"ಹೂಂ ಅತ್ತೆ."

"ಬಣ್ಣದ ದಾರ ಇವ್ನ ಮೈಯಾಗೆ ಯಂಗೆ ಬಂತು?"

"ಎಲ್ರ ಮೈಯಾಗೂ ಐತೆ. ನಿಮ್ಗೂ ಐತೆ, ನನಗೂ ಐತೆ. ಮಾವನಿಗೂ ಐತೆ."

ಮಾವ ತನ್ನ ಕೈ ತಿರುಗಿಸಿ ನೋಡಿಕೊಂಡ. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅವ್ವ ನಗಲಿಲ್ಲ. ಅಲ್ಲೇ ಕುಸಿದು ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲ್ಲಾಡುತ್ತಿತ್ತು. ಸೆರಗು ಇಳಿಸಿದಾಗ ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. "ಒಂದಕ್ಷರಕ್ಕೆ ಬಸ್ ಚಾರ್ಜು ಕೊಟ್ಟು ಹೋಗಿ ಮದ್ವೆ ಮುರ್ದು ಬಂದ್ನಲ್ಲಪ್ಪ" ಅಂದಳು.

ಕಥೆಗೆ ಇಷ್ಟು ಸಾಕು. ಆದರೆ ಶಶಿಕಲಾಗೆ ಸಾಕಾಗಲಿಲ್ಲ. ಅವ್ವ ಕಾಫಿ ಮಾಡಲು ಒಳಗೆ ಹೋದಾಗ ನನ್ನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದಳು: "ಅತ್ತೆ ಪೂರ್ತಿ ತಪ್ಪು ಕೇಳಿಸ್ಕೊಂಡಿಲ್ಲ. ಅಪ್ಪ ಅಮ್ಮಂದು ಮಕ್ಕಳಿಗೆ ಹೋಗೋದು ಆ ತಂತುವಿಂದಾನೇ. ನಿಮ್ಮ ರಕ್ತದಾಗೆ ಮುರಿದಿರೋದು ನೋಡವ್ರೆ. ಮಗೂಗೆ ಹೋಗೋದು ಮುರಿದೈತೋ ಇಲ್ವೋ, ಅದನ್ನ ನೀವು ಕೇಳಿದ್ರಾ?"

ಕೇಳಿರಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಎಂಬುದಕ್ಕಿಂತ, ಹಾಗೊಂದು ಪ್ರಶ್ನೆ ಇದೆ ಎಂದೇ ನನಗೆ ಹೊಳೆದಿರಲಿಲ್ಲ. "ಹಂಗಾದ್ರೆ ಕೇಳ್ಕಂಡು ಬರಾಣ" ಅಂದಳು, ಸಂತೆಗೆ ಹೋಗಿ ಬರೋಣ ಎನ್ನುವ ಹಾಗೆ. ಹೊರಡುವಾಗ ಮಾವ ಚೀಲ ತೋರಿಸಿ, "ಈ ಸೀರೆ ಏನ್ಮಾಡ್ಲಿ ಈಗ?" ಎಂದು ಕೇಳಿದ. "ತಗಳ್ರಿ ಮಾವ, ಅದು ನಂದು" ಅಂದಳು.

ಆ ಸಲ ಬೆಂಗಳೂರಿಗೆ ಹೋದದ್ದು ನಾನು, ಅವಳು, ಅವಳ ಮಾವ. ಅದೇ ಬೆಂಚು. ಪ್ರಶ್ನೆ ಕೇಳಿದ್ದು ಅವಳೇ. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಆಮೇಲೆ ಹೇಳಿದರು: "ನಾವು ನೋಡಿರೋದು ರಕ್ತದ ಕೋಶಗಳನ್ನ. ಅವು ಸಾಯ್ತವೆ, ಹೊಸಾವು ಹುಟ್ಟುತ್ತವೆ. ಅಲ್ಲಿ ಮುರಿದಿರೋದೆಲ್ಲ ಮಗುವಿಗೆ ಹೋಗಲ್ಲ. ಬೀಜಕ್ಕೂ ಪೆಟ್ಟು ಬಿದ್ದಿದ್ಯಾ ಅಂದ್ರೆ, ನನಗೆ ಗೊತ್ತಿಲ್ಲ. ಇಂಥ ಕೆಲಸ ಮಾಡಿದವರ ಮಕ್ಕಳಿಗೆ ತೊಂದರೆ ಆಗೇ ಆಗುತ್ತೆ ಅಂತ ಯಾರೂ ಹೇಳೋ ಹಾಗಿಲ್ಲ. ಆಗೋದೇ ಇಲ್ಲ ಅಂತಾನೂ ಹೇಳೋ ಹಾಗಿಲ್ಲ. ಆ ಗ್ಯಾಸಿನ ಹತ್ತಿರ ಹೋಗಬೇಡಿ. ಒಂದು ವರ್ಷ ಬಿಟ್ಟು ಬನ್ನಿ, ಮತ್ತೆ ರಕ್ತ ನೋಡೋಣ."

"ಆಗ ಗ್ಯಾರಂಟಿ ಕೊಡ್ತೀರಾ ಮೇಡಂ?" ಎಂದು ಮಾವ ಕೇಳಿದ.

"ಇಲ್ಲ. ಹೊರಗೆ ಕೂತಿದ್ದಾರಲ್ಲ, ಅವರಲ್ಲಿ ಹೆಚ್ಚಿನವರು ಯಾವ ಗ್ಯಾಸನ್ನೂ ಮೂಸಿ ನೋಡಿಲ್ಲ. ಅವರಿಗೂ ಯಾರೂ ಗ್ಯಾರಂಟಿ ಕೊಟ್ಟಿರಲಿಲ್ಲ."

ವಿಚಿತ್ರವೆಂದರೆ, ಗೊತ್ತಿಲ್ಲ ಎಂಬ ಆ ಮಾತೇ ನನ್ನನ್ನು ಹಗುರ ಮಾಡಿತು. ಅಲ್ಲಿಯವರೆಗೆ ನಾನು ಒಂದು ಬಾಗಿಲು ಮುಚ್ಚಿದೆ ಎಂದೇ ನಂಬಿದ್ದೆ. ಅದು ಮುಚ್ಚಿಲ್ಲ, ಒಳಗೆ ಕತ್ತಲಿದೆ ಅಷ್ಟೆ. ಕತ್ತಲಿದ್ದರೆ ಕಾಯಬಹುದು. ಶಶಿಕಲಾ ಹೊರಗೆ ಬಂದು, "ಒಂದು ವರ್ಷ ತಾನೆ? ನಾನು ಅಷ್ಟರಲ್ಲಿ ಟೈಪಿಂಗ್ ಕಲ್ತ್ಕೋತೀನಿ" ಅಂದಳು.

ಡಾಕ್ಟರ ಪತ್ರವನ್ನು ಕಾರ್ಖಾನೆಯ ಮಾಲೀಕರಿಗೆ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿ, "ನಾನೂ ಅಲ್ಲೇ ಕೂತು ಲೆಕ್ಕ ಬರೀತಿದ್ದೆನಲ್ಲಯ್ಯ" ಅಂದರು. ಅವರ ಮುಖ ನೋಡಿದರೆ ನನ್ನ ಮುಖವನ್ನೇ ನೋಡಿದ ಹಾಗಿತ್ತು. ನನ್ನನ್ನು ಕಡೂರಿನಲ್ಲಿ ಲಾರಿಗೆ ಮಾಲು ಕಳಿಸುವ ಕೆಲಸಕ್ಕೆ ಹಾಕಿದರು. ಚೇಂಬರಿಗೆ ಗಾಳಿ ಎಳೆಯುವ ಫ್ಯಾನು, ಮಾಡಿನ ಮೇಲಕ್ಕೆ ಹೋಗುವ ಕೊಳವೆ ಬಂತು. ಬಿಸಿ ಪೆಟ್ಟಿಗೆಗಳಿಗೆ ಹಿತ್ತಿಲಲ್ಲಿ ಬೇರೆ ಶೆಡ್ಡು ಬಂತು. ಅದರೊಳಗೆ ಕೂರುವ ಹಾಗಿಲ್ಲ, ಊಟ ಇಡುವ ಹಾಗಿಲ್ಲ. ರಹಮತ್‌ನ ರಕ್ತವನ್ನೂ ನೋಡಿಸಿದರು. ಅವನಲ್ಲೂ ಜಾಸ್ತಿ ಇತ್ತು, ನನ್ನಷ್ಟಿಲ್ಲ. ಅವನು ಪ್ಯಾಕಿಂಗಿಗೆ ಹೋದ. ಮುಂದೊಂದು ದಿನ ಲಾರಿಯ ಜೊತೆ ಕಡೂರಿಗೆ ಬಂದಾಗ ಹೇಳಿದ: "ನಿನ್ನ ಕಾಲಿಂದ ನಮ್ಮೆಲ್ಲರ ರೊಟ್ಟಿ ತಣ್ಣಗಾಯ್ತು ಕಣೋ ಮಲ್ಲೇಶಿ. ಹೆಂಗಸ್ರು ದಿನಾ ನಿನ್ನ ಹೆಸ್ರು ಹೇಳಿ ಬೈತಾವ್ರೆ." ನಕ್ಕು, ಹೋಗುವ ಮುಂಚೆ ನನ್ನ ಕೈ ಸ್ವಲ್ಪ ಹೊತ್ತು ಹಿಡಿದುಕೊಂಡ.

ಆ ವರ್ಷ ಕಳೆದದ್ದು ಅಪ್ಪನ ಪೊರಕೆ ಕಡ್ಡಿಯ ಮೇಲೆ. ಮೊದಲು ಮರಳಿದ್ದು ಬಲಗಾಲಿನ ಕಿರುಬೆರಳು. ಅಪ್ಪ ಮುಟ್ಟಿದಾಗ "ಹೂಂ" ಅಂದೆ, ಅಪ್ಪ ನಂಬಲಿಲ್ಲ. "ಸುಮ್ನೆ ಅಂದೇನೋ?" ಎಂದು ಮುಟ್ಟದೆಯೇ "ಈಗ?" ಅಂದ. "ಇಲ್ಲ" ಅಂದೆ. ಆಗ ನಂಬಿದ. ಶಶಿಕಲಾಳ ಮಾವ ವಾರಕ್ಕೊಮ್ಮೆ ಕಾಯಿ ಮಾರಲು ಕಡೂರಿನ ಮಂಡಿಗೆ ಬರುತ್ತಿದ್ದ. ಬಂದವನು ರಸ್ತೆಯ ಆಚೆಯಿಂದಲೇ, "ಎಷ್ಟಕ್ಕೆ ಬಂತು?" ಎಂದು ಕೂಗುವುದು, ಅಪ್ಪ ಕಾಯಿ ರಾಶಿಯ ಮೇಲಿಂದ "ನಾಕು" ಎನ್ನುವುದು. ಮಂಡಿಯವರು ಕಾಯಿ ಬೆಲೆ ಅಂದುಕೊಂಡು ಗಾಬರಿಯಾದರು. ಮುಂದಿನ ವಾರ ಅಪ್ಪ "ಆರು" ಅಂದಾಗ ಒಬ್ಬ ವ್ಯಾಪಾರಿ ಬಂದು, "ಯಾವೂರಾಗೆ ಸ್ವಾಮಿ ಏರಿದ್ದು?" ಎಂದು ವಿಚಾರಿಸಿದನಂತೆ. ಆ ಸಂಖ್ಯೆ ಸಂಜೆಯ ಬಸ್ಸಿನಲ್ಲಿ ಅಜ್ಜಂಪುರಕ್ಕೆ ಹೋಗುತ್ತಿತ್ತು. ಶಶಿಕಲಾ ನನಗೆ ಕಾಗದ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಬೆರಳಿನ ಲೆಕ್ಕವೇ ನಮ್ಮ ಓಲೆ.

ಮೂಗೂ ಮರಳಿತು. ಒಂದು ದಿನ ಅವ್ವ ಒಳಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದಾಗ ನಡುಮನೆಯಲ್ಲಿ ಕೂತಿದ್ದ ನಾನು, "ಅವ್ವ, ಸೀಯ್ತಾ ಐತೆ" ಅಂದೆ. ಅವಳು ಸೌಟು ಹಿಡಿದೇ ಹೊರಗೆ ಬಂದಳು. ನಿಜವಾಗಿಯೂ ಸೀಯುತ್ತಿತ್ತು. ಆ ಸೀದ ಸಾರನ್ನೇ ಮೂವರೂ ಹಬ್ಬದೂಟದ ಹಾಗೆ ಉಂಡೆವು.

ವರ್ಷ ತುಂಬಿದ ಮೇಲೆ ರಕ್ತ ಕೊಟ್ಟು ಬಂದೆ. ಫಲಿತಾಂಶದ ದಿನ ಅವ್ವನೂ ಬರುತ್ತೇನೆ ಅಂದಳು. "ಈ ಸಲ ನಾನು ಕಿವಿ ನೆಟ್ಟಗೆ ಇಟ್ಕೊಂಡು ಕೇಳ್ತೀನಿ" ಅಂದಳು. ಶಶಿಕಲಾಳೂ ಮಾವನೂ ಬೀರೂರಿನಿಂದ ಅದೇ ರೈಲು ಹತ್ತಿದ್ದರು. ಬೆಂಚಿನಲ್ಲಿ ಅವ್ವ ನಮ್ಮಿಬ್ಬರ ನಡುವೆ ಕೂತಳು. ಒಳಗೆ ಕರೆದಾಗ ಎಲ್ಲರಿಗಿಂತ ಮೊದಲು ಎದ್ದಳು.

ಡಾಕ್ಟರು ಕಾಗದ ನೋಡಿ ತಲೆ ಎತ್ತಿದರು. "ಕಡಿಮೆ ಆಗಿದೆ. ಚೆನ್ನಾಗಿಯೇ ಕಡಿಮೆ ಆಗಿದೆ. ಈಗ ಎಲ್ಲರಲ್ಲಿ ಇರೋದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ."

ಶಶಿಕಲಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವ್ವ ಮಾತ್ರ ಕದಲಲಿಲ್ಲ. "ಆ ಬಣ್ಣದ ದಾರ ನನಗೆ ತೋರಿಸ್ತೀರಾ ತಾಯಿ?" ಅಂದಳು.

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಶಶಿಕಲಾ ವಿವರಿಸಿದಾಗ ನಕ್ಕು, ಪಕ್ಕದ ಕೋಣೆಗೆ ಕರೆದೊಯ್ದು, ಸೂಕ್ಷ್ಮದರ್ಶಕದ ಮುಂದೆ ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿದರು. ಒಂದು ಕಣ್ಣು ಮುಚ್ಚಲು ಅವ್ವನಿಗೆ ಬರಲಿಲ್ಲ, ಕೈಯಿಂದ ಮುಚ್ಚಿಕೊಂಡು ಬಾಗಿದಳು. ಬಹಳ ಹೊತ್ತು ನೋಡಿದಳು.

"ನೇರಳೆ ಬಣ್ಣ" ಅಂದಳು. "ದಾರ ಎಲ್ಲೈತೆ? ಎಲ್ಲಾ ತುಂಡು ತುಂಡೇ ಅವಲ್ಲ!"

"ಅವು ಇರೋದೇ ಹಾಗಮ್ಮ" ಅಂದರು ಡಾಕ್ಟರು. "ಎಲ್ಲರಿಗೂ ಬಿಡಿಬಿಡಿಯಾಗಿ, ಜೋಡಿ ಜೋಡಿಯಾಗಿಯೇ ಇರೋದು. ಒಂದೇ ಉದ್ದ ದಾರ ಅಲ್ಲ."

ಅವ್ವ ತಲೆ ಎತ್ತಿ ನನ್ನನ್ನೂ ಶಶಿಕಲಾಳನ್ನೂ ನೋಡಿದಳು. "ಮೊದ್ಲೇ ಜೋಡಿ ಅಂದಿದ್ರೆ ನಾನು ಅಜ್ಜಂಪುರಕ್ಕೆ ಹೋಗ್ತಿದ್ನೇ?" ಅಂದಳು. ಆ ದಿನ ಅರಸೀಕೆರೆಯಲ್ಲಿ ಎರಡು ಲೋಟ ಕಾಫಿ ಕುಡಿದಳು.

೧೯೮೫ರ ವೈಶಾಖದಲ್ಲಿ ಅಜ್ಜಂಪುರದಲ್ಲಿ ನಮ್ಮ ಮದುವೆಯಾಯಿತು. ಶಶಿಕಲಾ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಜನ ಅಕ್ಷತೆ ಎಸೆದರು. ಮಂಟಪದಿಂದ ಇಳಿಯುವಾಗ ಎಡಗಾಲಿನ ಹೆಬ್ಬೆರಳ ಕೆಳಗೆ ಏನೋ ಚುಚ್ಚಿತು, ನಿಂತುಬಿಟ್ಟೆ. ಒಂದು ಅಕ್ಕಿಕಾಳು. ಹತ್ತರಲ್ಲಿ ಕೊನೆಗೆ ಉಳಿದಿದ್ದ ಬೆರಳು ಅದು. ತಲೆ ಎತ್ತಿದರೆ ಅಪ್ಪ ನೋಡುತ್ತಿದ್ದ. ಸನ್ನೆಯಲ್ಲಿ ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದೆ. ಅವನು ಮಾವನ ಭುಜ ಹಿಡಿದು, ಓಲಗದ ಸದ್ದಿನ ನಡುವೆ ಕೂಗಿದ: "ಹತ್ತಕ್ಕೆ ಬಂತು ಕಣ್ರೀ!"

ಈಗ ಶಶಿಕಲಾಗೆ ಏಳು ತಿಂಗಳು. ಹೆದರಿಕೆ ಇಲ್ಲವೆಂದರೆ ಸುಳ್ಳಾಗುತ್ತದೆ. ಕೆಲವು ದಿನ ಅವಳು ಹೆದರುತ್ತಾಳೆ, ಕೆಲವು ದಿನ ನಾನು. ಇಬ್ಬರೂ ಒಂದೇ ದಿನ ಹೆದರುವುದು ಕಡಿಮೆ. ಇದನ್ನು ಓದುವವರು ನಮ್ಮಂತೆ ಬೆಂಚಿನ ಮೇಲೆ ಕೂತವರಾದರೆ ನಾನು ಹೇಳಬಹುದಾದದ್ದು ಇಷ್ಟು: ಡಾಕ್ಟರು ಹೇಳಿದ ಮಾತನ್ನು ಇನ್ನೊಮ್ಮೆ ಕೇಳಿ. ಅರ್ಥವಾಗದಿದ್ದರೆ ತೋರಿಸಿ ಎನ್ನಿ. ನಿಮ್ಮ ಜೊತೆ ಬಂದವರು ಏನು ಕೇಳಿಸಿಕೊಂಡರೆಂದು ರೈಲಿನಲ್ಲೇ ವಿಚಾರಿಸಿ.

ಅವ್ವ ಬಾಗಿಲ ಬೆಳಕಿನಲ್ಲಿ ಕೂತು ಕುಲಾವಿ ಹೊಲಿಯುತ್ತಿದ್ದಾಳೆ. ಅಂಗಡಿಯಲ್ಲಿ ಕೆಂ‍ಪು, ಹಳದಿ ದಾರ ಕೊಡಲು ಬಂದರೆ ಬೇಡವೆಂದು, ಹುಡುಕಿಸಿ ನೇರಳೆ ಬಣ್ಣದ್ದೇ ತಂದಿದ್ದಾಳೆ. ಈಗಷ್ಟೇ ಅದು ಪಟ್ಟನೆ ತುಂಡಾಯಿತು. ನಾನೂ ಶಶಿಕಲಾಳೂ ಒಟ್ಟಿಗೆ ತಿರುಗಿ ನೋಡಿದೆವು.

"ಏನಂಗ್ ನೋಡ್ತೀರಾ?" ಎಂದಳು ಅವ್ವ. ತುದಿಯನ್ನು ನಾಲಗೆಗೆ ಒತ್ತಿ ನೆನೆಸಿ, ಇನ್ನೊಂದು ತುದಿಗೆ ಗಂಟು ಹಾಕಿ, ಮತ್ತೆ ಹೊಲಿಯತೊಡಗಿದಳು.